ಹಾಡಿನ ನಡುವಿನ ಎರಡು ಪೆಟ್ಟು

ಅವರ ನಡಿಗೆಗೆ ಸದ್ದಿರಲಿಲ್ಲ. ಕಾರ್ಖಾನೆಯೊಳಗೆ ಯಾರ ನಡಿಗೆ ತಾನೇ ಕೇಳಿಸುತ್ತದೆ ಎಂದು ನೀವು ಕೇಳಬಹುದು. ನಾನು ಹೇಳುತ್ತಿರುವುದು ಊಟದ ಬಿಡುವಿನ ಮಾತು. ಯಂತ್ರಗಳೆಲ್ಲ ನಿಂತು, ಶೆಡ್ಡಿನ ತಗಡಿನ ಮೇಲೆ ಪಾರಿವಾಳ ಓಡಾಡುವುದೂ ಕೇಳಿಸುವಂಥ ಹೊತ್ತಿನಲ್ಲಿ ನಾನು ಮೇಜಿಗೆ ತಲೆಯಾನಿಸಿ ಒಂದು ಜೊಂಪು ತೆಗೆಯುತ್ತಿದ್ದರೆ, ಕಿವಿಯ ಪಕ್ಕದಲ್ಲೇ "ಸಾಹೇಬ್ರ, ಸಹಿ" ಎಂಬ ದನಿ ಬರುತ್ತಿತ್ತು. ಬೆಚ್ಚಿ ಎದ್ದರೆ ಕಾಕಾ ನಿಂತಿರುತ್ತಿದ್ದರು, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು, ಕೈಯಲ್ಲಿ ತಪಾಸಣೆಯ ಚೀಟಿ ಹಿಡಿದುಕೊಂಡು. ಕಾಲಲ್ಲಿ ಎಲ್ಲರಿಗೂ ಕೊಟ್ಟಿದ್ದ ಅದೇ ಕಬ್ಬಿಣದ ಮೂತಿಯ ಬೂಟು. ಅದೇ ಬೂಟು ಹಾಕಿಕೊಂಡು ನಾನು ನಡೆದರೆ ಮೂರು ಶೆಡ್ಡಿಗೆ ಕೇಳುತ್ತಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಅವರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ಇಟ್ಟುಕೊಳ್ಳಿ ಎಂದವರು ಅವರೇ. ಅವರು ಬದುಕಿರುವವರೆಗೆ ಮಾತು ಉಳಿಸಿಕೊಂಡೆ. ಇನ್ನು ಮುಂದೆ ಉಳಿಸಿಕೊಳ್ಳುವುದು ನನ್ನಿಂದಾಗದು.

ನಮ್ಮದು ಹೈದರಾಬಾದಿನ ಹೊರಗಿದ್ದ ಕೇಂದ್ರ ಸರ್ಕಾರದ ಕಾರ್ಖಾನೆ. ನಾನು ಹಾಸನದ ಕಡೆಯವನು, ತಪಾಸಣೆ ವಿಭಾಗದಲ್ಲಿದ್ದೆ. ಅವರು ಬಾಗಲಕೋಟೆಯ ಕಡೆಯವರು, ಪ್ಯಾಕಿಂಗ್ ವಿಭಾಗದ ಬಡಗಿ. ತಯಾರಾದ ಯಂತ್ರಗಳನ್ನು ದೂರದೂರಿಗೆ ಕಳಿಸಲು ಮರದ ಪೆಟ್ಟಿಗೆ ಮಾಡುವುದು ಅವರ ಕೆಲಸ, ಆ ಪೆಟ್ಟಿಗೆ ಗಟ್ಟಿಯಿದೆ ಎಂದು ಸಹಿ ಹಾಕುವುದು ನನ್ನದು. ಯಾರ ಕೆಲಸ ಕಷ್ಟದ್ದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷಕ್ಕೆ ಹಿರಿಯರಾದ್ದರಿಂದ ಕಾರ್ಖಾನೆಯ ಕನ್ನಡದವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಕೇಳಿ ಕೇಳಿ ತೆಲುಗಿನವರೂ ಹಾಗೇ ಕರೆಯತೊಡಗಿದ್ದರು.

ಅವರು ಮೊಳೆ ಹೊಡೆಯುವಾಗ ಒಂದು ವಿಚಿತ್ರ ನಡೆಯುತ್ತಿತ್ತು. ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತಿತ್ತು. ಮಾತು ಮುಗಿದ ಮೇಲೆಯೇ ಪೆಟ್ಟು ಬೀಳುವುದು. ನಾನು ಹೊಸದರಲ್ಲಿ ಇದು ನನ್ನ ಹುದ್ದೆಗೆ ಸಲ್ಲುತ್ತಿರುವ ಗೌರವ ಎಂದುಕೊಂಡು ಇನ್ನೆರಡು ಮಾತು ಹೆಚ್ಚಿಗೆ ಆಡುತ್ತಿದ್ದೆ. ಆಮೇಲೆ ನೋಡಿದರೆ ಚಹಾದ ಹುಡುಗಿಯ ಮಾತಿಗೂ ಕೈ ಹಾಗೆಯೇ ನಿಲ್ಲುತ್ತಿತ್ತು. ಯಾರೂ ಮಾತಾಡದಿದ್ದಾಗ ಪೆಟ್ಟುಗಳು ಒಂದು ಲೆಕ್ಕದಲ್ಲಿ ಬೀಳುತ್ತಿದ್ದವು, ನಾಲ್ಕು, ಒಂದು ಬಿಡುವು, ಮತ್ತೆ ನಾಲ್ಕು. ಕೇಳುತ್ತ ಕೂತರೆ ನಮ್ಮ ಕಾಲೂ ತಾನೇ ಅಲುಗುತ್ತಿತ್ತು.

ಇದೆಲ್ಲ ಎಲ್ಲಿಂದ ಬಂತು ಎಂದರೆ ನಾಟಕ ಕಂಪನಿಯಿಂದ. ಕಾರ್ಖಾನೆ ಸೇರುವ ಮೊದಲು ಅವರು ಒಂದು ಕಂಪನಿಯಲ್ಲಿ ನಾಲ್ಕೈದು ವರ್ಷ ಸೀನು ಕಟ್ಟುವ ಕೆಲಸ ಮಾಡಿದ್ದರು. ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತದೆ, ನೋಡದವರಿಗಾಗಿ ಹೇಳುತ್ತೇನೆ. ಒಂದು ದೊಡ್ಡ ದೃಶ್ಯ ಮುಗಿದು ಇನ್ನೊಂದು ದೊಡ್ಡ ದೃಶ್ಯ ಸಿದ್ಧವಾಗಬೇಕಾದರೆ ನಡುವೆ ಬೀದಿಯ ಚಿತ್ರವಿರುವ ಪರದೆಯೊಂದನ್ನು ಇಳಿಬಿಡುತ್ತಾರೆ. ಅದರ ಮುಂದೆ ಹಾಸ್ಯವೋ ಹಾಡೋ ನಡೆಯುತ್ತಿರುತ್ತದೆ. ಹಿಂದೆ ನಾಲ್ಕಾರು ಜನ ಬರಿಗಾಲಲ್ಲಿ ಓಡಾಡುತ್ತ ಗುಡಿಸಲು ಕಿತ್ತು ಅರಮನೆ ಕಟ್ಟುತ್ತಿರುತ್ತಾರೆ. ಮುಂದೆ ಕೂತ ಜನಕ್ಕೆ ಅದರ ಸುಳಿವು ಸಿಗಬಾರದು. ಬೆಣೆ ಬಡಿಯಲೇಬೇಕಾದಾಗ ತಬಲಾದ ಪೆಟ್ಟಿನ ಜೊತೆಗೇ ಬಡಗಿಯ ಮರದ ಕೊಡತಿಯ ಪೆಟ್ಟೂ ಬೀಳಬೇಕು. ತಬಲಾ ನಿಂತರೆ ಕೊಡತಿಯೂ ನಿಲ್ಲಬೇಕು. ಅವರಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿಯೊಬ್ಬರಿದ್ದರಂತೆ. ಕಾಣಬಾರದು, ಕೇಳಬಾರದು, ಬೀಳಬಾರದು ಎಂಬ ಮೂರೇ ಮಾತಿನಲ್ಲಿ ಅವರು ಇಡೀ ವಿದ್ಯೆ ಹೇಳಿ ಮುಗಿಸಿದ್ದರಂತೆ.

ಆ ಮೂರು ಮಾತಿನ ಮೇಲೇ ಕಾಕಾ ಉಳಿದ ಬದುಕನ್ನೂ ಕಟ್ಟಿಕೊಂಡಿದ್ದರು. ನಮ್ಮ ಮಗಳು ಹುಟ್ಟಿದಾಗ ಮೆಹದಿಪಟ್ಟಣಂನ ನಮ್ಮ ಬಾಡಿಗೆ ಮನೆಗೆ ಒಂದು ತೊಟ್ಟಿಲು ಹೊತ್ತು ತಂದರು. ಅಷ್ಟು ಸಾದಾ ತೊಟ್ಟಿಲನ್ನು ನಾನು ಕಂಡಿರಲಿಲ್ಲ. ಗಿಳಿಯಿಲ್ಲ, ಹೂವಿಲ್ಲ, ಬಣ್ಣವಿಲ್ಲ. ನನ್ನ ಹೆಂಡತಿಯ ಮುಖ ಸಣ್ಣದಾಯಿತು. ಕಾಕಾ ಅದನ್ನು ಕೊಂಡಿಗೆ ಹಾಕಿ, ಬೆರಳಿನಿಂದ ಒಮ್ಮೆ ದೂಡಿ, "ಕೇಳ್ರಿ ತಂಗಿ" ಎಂದರು. ಏನೂ ಕೇಳಲಿಲ್ಲ. "ತೊಟ್ಟಲಾ ಕಿರ್ ಅಂದ್ರ ಕೂಸು ಏಳ್ತೈತ್ರಿ. ಗಿಣಿ ನೋಡಿ ಕೂಸೇನ್ ಮಲಗೂದಿಲ್ಲ" ಎಂದರು. ನಮ್ಮ ಇಬ್ಬರು ಮಕ್ಕಳು, ಆಮೇಲೆ ನನ್ನ ತಂಗಿಯ ಮೂವರು ಅದರಲ್ಲಿ ಮಲಗಿ ಎದ್ದರು, ಒಂದು ದಿನವೂ ಅದು ಸದ್ದು ಮಾಡಲಿಲ್ಲ. ಇಂಥವರು ಜಂಬ ಕೊಚ್ಚಿಕೊಳ್ಳುತ್ತಾರೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಮೂರು ವರ್ಷ ನಾವೆಲ್ಲ ಹಾಗೆಯೇ ನಂಬಿದೆವು.

ನಂಬುವಂತೆ ಮಾಡಿದ್ದು ಒಂದು ಸಿನಿಮಾ. ಆಗ ನಮ್ಮ ಕನ್ನಡ ಸಂಘದವರು ಅಪರೂಪಕ್ಕೊಮ್ಮೆ ಭಾನುವಾರ ಬೆಳಗಿನ ಆಟಕ್ಕೆ ಒಂದು ಥಿಯೇಟರು ಹಿಡಿದು ಕನ್ನಡ ಸಿನಿಮಾ ತರಿಸುತ್ತಿದ್ದರು. ಚೆನ್ನಾಗಿರಲಿ ಬಿಡಲಿ, ಕನ್ನಡ ಮಾತು ದೊಡ್ಡದಾಗಿ ಕೇಳಿಸುತ್ತದೆ ಎಂದು ಎಲ್ಲರೂ ಹೋಗುತ್ತಿದ್ದೆವು. ಆ ಸಲದ ಸಿನಿಮಾದಲ್ಲಿ ಕಂಪನಿ ನಾಟಕದ ಹಳೆಯ ಹಾಡೊಂದನ್ನು ಹೊಸ ವಾದ್ಯಗಳೊಂದಿಗೆ ಹಾಕಿದ್ದರು. ಮದುವೆಯಾಗಲು ಬಂದ ಗಂಡಿಗೆ ಹೆಣ್ಣೇ ಪರೀಕ್ಷೆ ಮಾಡುವ ತುಂಟ ಹಾಡು. ನೀರು ಸೇದಲು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ, ಅತ್ತ ಕೂಸನ್ನು ಸುಮ್ಮನಿರಿಸಲು ಬರುತ್ತದೆಯೇ ಎಂದು ಒಂದೊಂದೇ ಕೇಳುತ್ತಾಳೆ. ಪ್ರತಿ ಪ್ರಶ್ನೆಯ ಕೊನೆಗೆ ವಾದ್ಯಗಳೆಲ್ಲ ಗಪ್ಪನೆ ನಿಲ್ಲುತ್ತವೆ. ಆ ಮೌನದಲ್ಲಿ ಮರದ ಮೇಲೆ ಮರ ಬಡಿದಂತೆ ಎರಡು ಪೆಟ್ಟು, ಠಕ್ ಠಕ್. ಪಾಪ, ಗಂಡಿನ ಎದೆ ಹೊಡೆದುಕೊಳ್ಳುತ್ತಿದೆ ಎನ್ನುವ ಹಾಗೆ. ಆಮೇಲೆ ಹಾಡು ಮತ್ತೆ ಜಿಗಿದು ಓಡುತ್ತದೆ.

ಆ ಎರಡು ಪೆಟ್ಟಿಗೆ ಥಿಯೇಟರು ಹುಚ್ಚೆದ್ದಿತು. ಮೂರನೆಯ ಪ್ರಶ್ನೆಯ ಹೊತ್ತಿಗೆ ಜನ ತಾವೇ ಎರಡು ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ಪಕ್ಕ ಕೂತಿದ್ದ ಕಾಕಾ ಮಾತ್ರ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಬಿಗಿಯಾಗಿ ಕೂತಿದ್ದರು. ಆಟ ಬಿಟ್ಟ ಮೇಲೆ ಎದುರಿನ ಇರಾನಿ ಹೋಟೆಲಿನಲ್ಲಿ ಚಹಾವನ್ನು ಬಸಿಗೆ ಸುರಿದು ಆರಿಸಿ ಕುಡಿದು ಮುಗಿಸಿದರು. ಕೊನೆಗೆ, "ಆ ಎರಡು ಪೆಟ್ಟು ನಂದ್ರಿ ಸಾಹೇಬ್ರ" ಎಂದರು.

ನಾನು ಏನು ಹೇಳಿದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಹಾಗಾದರೆ ತಬಲಾ ನನ್ನದು ಎಂದೆ. ಮೇಜಿನಲ್ಲಿದ್ದ ನಾಲ್ವರೂ ನಕ್ಕರು. ಕಾಕಾ ಕೂಡ ನಕ್ಕರು.

ಹಾಡು ಕ್ಯಾಸೆಟ್ಟಿನಲ್ಲಿ ಬಂತು. ಗಣೇಶನ ಪೆಂಡಾಲು, ಮದುವೆ ಮನೆ, ಮಕ್ಕಳ ಡ್ಯಾನ್ಸು, ಎಲ್ಲಿ ನೋಡಿದರೂ ಅದೇ. ಕನ್ನಡ ಬಾರದ ಹುಡುಗರೂ ಆ ಎರಡು ಚಪ್ಪಾಳೆ ಮಾತ್ರ ತಪ್ಪದೆ ಹೊಡೆಯುತ್ತಿದ್ದರು. ಕೇಳಿದಾಗೆಲ್ಲ ಕಾಕಾ ಹತ್ತಿರದಲ್ಲಿದ್ದವರಿಗೆ ಆ ಪೆಟ್ಟು ತಮ್ಮದೆಂದು ಹೇಳುತ್ತಿದ್ದರು, ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಗೇಟಿನ ಕಾವಲುಗಾರನಿಗೂ. ಅದೊಂದು ತಮಾಷೆಯ ವಸ್ತುವಾಗಿಬಿಟ್ಟಿತು. ಎಲ್ಲೋ ಒಂದು ಕಬ್ಬಿಣದ ತುಂಡು ಬಿದ್ದರೆ ಸಾಕು, "ಇದೀ ಮೀದೇನಾ ಕಾಕಾ" ಎಂದು ತೆಲುಗಿನವರು ಕೂಗುವರು, ಇದೂ ನಿಮ್ಮದೇನಾ ಎಂದು ಕನ್ನಡದವರು ಧ್ವನಿಗೂಡಿಸುವರು. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ, ಹೇಳುವುದನ್ನು ನಿಲ್ಲಿಸಲೂ ಇಲ್ಲ. ಮೂರು ವರ್ಷದಲ್ಲಿ ನಮ್ಮಲ್ಲಿ ಒಬ್ಬನಾದರೂ ಅದು ಹೇಗೆ ಎಂದು ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ. ಪೆಟ್ಟಿಗೆಯ ಮೇಲೆ ಸಹಿ ಹಾಕುವ ಮೊದಲು ನಾಲ್ಕು ಮೂಲೆ ಬಡಿದು ನೋಡುತ್ತಿದ್ದ ನಾನು ಮನುಷ್ಯನ ಮಾತನ್ನು ಬಡಿದು ನೋಡಲಿಲ್ಲ.

ಮೂರನೆಯ ವರ್ಷ ನಾನು ಸಂಘದ ಜಂಟಿ ಕಾರ್ಯದರ್ಶಿಯಾಗಿದ್ದೆ. ವಾರ್ಷಿಕೋತ್ಸವಕ್ಕೆ ಯಾರನ್ನು ಕರೆಯುವುದೆಂಬ ಚರ್ಚೆಯಲ್ಲಿ, ಕಂಪನಿಯಲ್ಲಿ ಆ ಹಾಡನ್ನು ಮೊದಲು ಹಾಡುತ್ತಿದ್ದ ನಟಿ ಇನ್ನೂ ಇದ್ದಾರೆ, ಹುಬ್ಬಳ್ಳಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ ಎಂಬ ಸುದ್ದಿ ಬಂತು. ಕರೆಸಿ ಶಾಲು ಹೊದಿಸೋಣ, ಒಂದು ನುಡಿ ಹಾಡಿಸೋಣ ಎಂದು ತೀರ್ಮಾನವಾಯಿತು. ನನಗೆ ಆಗ ಹೊಳೆದದ್ದು ಒಂದು ಕಿಡಿಗೇಡಿತನ. ಮರುದಿನ ಕಾರ್ಖಾನೆಯ ಬಸ್ಸಿನಲ್ಲಿ ಕಾಕಾ ಪಕ್ಕ ಕೂತು, ಆ ನಟಿ ಬರುತ್ತಿದ್ದಾರೆ, ಎಲ್ಲರ ಮುಂದೆ ಕೇಳಿಯೇಬಿಡೋಣ, ಪೆಟ್ಟು ಯಾರದು ಎಂದು ಇತ್ಯರ್ಥವಾಗಿಬಿಡಲಿ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖದ ಬಣ್ಣವೇ ಇಳಿದುಹೋಯಿತು. ಕಿಟಕಿಯ ಕಡೆ ತಿರುಗಿ, "ಅಕ್ಕಾರು ಬರಾಕತ್ತಾರೇನ್ರಿ?" ಎಂದು ಮೂರು ಸಲ ಕೇಳಿದರು. ಮನೆ ಬರುವುದರೊಳಗೆ ಎಲ್ಲ ಹೇಳಿದರು.

ಅವರು ಕಂಪನಿಗೆ ಸೇರಿ ಇನ್ನೂ ಒಂದು ವರ್ಷವಾಗಿರಲಿಲ್ಲ. ಒಂದು ಭಾನುವಾರದ ಹಗಲು ಆಟ. ಪರದೆಯ ಮುಂದೆ ಈ ಹಾಡು, ಹಿಂದೆ ಸಾಹುಕಾರನ ಮನೆಯ ಮೆಟ್ಟಿಲು ಜೋಡಿಸುವ ಕೆಲಸ. ಕೊನೆಯ ಬೆಣೆ ಬಾಕಿಯಿತ್ತು. ಹಾಡು ಕೇಳುತ್ತ ಇವರು ಮೈಮರೆತರು. ಆಕೆ ರೊಟ್ಟಿಯ ಪ್ರಶ್ನೆ ಕೇಳಿ ನಿಲ್ಲಿಸಿದಾಗ ತಬಲಾವೂ ಒಂದು ಉಸಿರಿನಷ್ಟು ನಿಂತಿತು. ಆ ಮೌನದಲ್ಲಿ ಇವರ ಕೈ ತಾನೇ ಇಳಿದು ಬೆಣೆಯ ಮೇಲೆ ಎರಡು ಸಲ ಬಿತ್ತು. ಇಡೀ ಥಿಯೇಟರಿಗೆ ಕೇಳಿತು. ಜನ ಗೊಳ್ಳೆಂದು ನಕ್ಕರು.

ಹಾಡಿನ ನಡುವೆ ನಗಿಸಿಕೊಂಡ ನಟಿ ದೃಶ್ಯ ಮುಗಿಯುತ್ತಲೇ ವೇಷದಲ್ಲೇ ಹಿಂದಕ್ಕೆ ಬಂದು, ಹೊಡೆದವರು ಯಾರು ಎಂದು ಕೇಳಿದರು. ಕೊಡತಿ ಇನ್ನೂ ಇವರ ಕೈಯಲ್ಲೇ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಮುದುಕ ಮೇಸ್ತ್ರಿ ಮುಂದೆ ಬಂದು ತಾನೇ ಎಂದರು, ವಯಸ್ಸಾಯಿತು, ಕೈ ತಪ್ಪಿತು ಎಂದರು. ಹೊಸಬನನ್ನು ಅದೇ ದಿನ ಊರಿಗೆ ಕಳಿಸಿಬಿಡುತ್ತಾರೆಂದು ಅವರಿಗೆ ಗೊತ್ತಿತ್ತು. ಆಕೆ ಎಲ್ಲರೆದುರು, ವಯಸ್ಸಾಗಿದ್ದರೆ ಮನೆಗೆ ಹೋಗಿ ಎಂದುಬಿಟ್ಟರು. ಆಕೆ ಬಾಲನಟಿಯಾಗಿ ಬಂದ ದಿನದಿಂದ ಕಂಪನಿಯಲ್ಲಿದ್ದ ಮನುಷ್ಯ ಕೈಮುಗಿದು ನಿಂತರು. ಇವರು ಸುಮ್ಮನಿದ್ದರು.

ತಮಾಷೆಯೆಂದರೆ, ಜನರ ನಡುವೆ ಕೂತಿದ್ದ ಮಾಲಕರಿಗೆ ಆ ನಗು ಹಿಡಿಸಿಬಿಟ್ಟಿತ್ತು. ಆ ಎರಡು ಪೆಟ್ಟು ಇನ್ನು ಮೇಲೆ ದಿನಾ ಬೇಕು ಎಂದು ಹುಕುಂ ಮಾಡಿದರು. ತಪ್ಪು ಹಾಡಿನ ಭಾಗವಾಯಿತು. ಮೇಸ್ತ್ರಿ ಕೊಡತಿಯನ್ನು ಇವರ ಕೈಗೇ ಕೊಟ್ಟು ಹೊಡೆಸಿದರು. ಆದರೆ ಮನೆಗೆ ಹೋಗಿ ಎಂಬ ಮಾತು ಅವರಿಗೆ ಆಳಕ್ಕೆ ಇಳಿದಿತ್ತು. ಆ ಮುಕ್ಕಾಮು ಮುಗಿಯುತ್ತಲೇ ಗಂಟು ಕಟ್ಟಿಕೊಂಡು ಊರಿಗೆ ಹೊರಟುಹೋದರು, ಎರಡು ವರ್ಷದಲ್ಲಿ ತೀರಿಕೊಂಡರು.

"ಮೂರು ವರ್ಷ ಎಲ್ಲಾರ ಮುಂದ ಅಂದೆ ಸಾಹೇಬ್ರ, ಆ ಪೆಟ್ಟು ನಂದು ಅಂತ. ಎಲ್ಲಾರೂ ನಕ್ಕರು. ಆ ದಿವ್ಸ ಒಬ್ಬರ ಮುಂದ ಅಂದಿದ್ರ ಸಾಕಿತ್ತು" ಎಂದರು ಕಾಕಾ.

ನಾವು ಜಂಬ ಎಂದು ನಕ್ಕಿದ್ದು ತಪ್ಪೊಪ್ಪಿಗೆಯನ್ನು. ಮರುದಿನ ಅವರನ್ನು ಕಂಡು, ಈ ಸಲ ಅಕ್ಕಾವರಿಗೆ ನೇರವಾಗಿ ಹೇಳಿಬಿಡಿ, ನಾನು ಜೊತೆಗಿರುತ್ತೇನೆ ಎಂದೆ. ಹೇಳುತ್ತೇನೆ ಎಂದರು.

ವಾರ್ಷಿಕೋತ್ಸವ ಸಿಕಂದರಾಬಾದಿನ ಒಂದು ಬಾಡಿಗೆ ಹಾಲಿನಲ್ಲಿ. ವೇದಿಕೆ ಕಟ್ಟುವ ಕೆಲಸವನ್ನು ಕಾಕಾ ತಾವಾಗಿಯೇ ವಹಿಸಿಕೊಂಡಿದ್ದರು. ಅಕ್ಕಾವರು ಬೆಳಗಿನ ರೈಲಿಗೆ ಬಂದರು. ಅರವತ್ತು ದಾಟಿದ, ಸಣ್ಣ ಮೈಕಟ್ಟಿನ, ಎಲೆಯಡಿಕೆ ಹಾಕುವ ಹೆಂಗಸು. ಜೊತೆಗೆ ತಂಗಿಯ ಮಗಳು. ಇಡೀ ದಿನ ಕಾಕಾ ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡು ಆಕೆ ಕೂತ ಕೋಣೆಯ ಸುತ್ತ ಓಡಾಡಿದರು. ಬಾಗಿಲ ತನಕ ಹೋಗುವುದು, ಅಲ್ಲಿ ಗಟ್ಟಿಯಾಗಿಯೇ ಇದ್ದ ಒಂದು ಕೀಲನ್ನು ಬಿಗಿ ಮಾಡುವುದು, ವಾಪಸು ಬರುವುದು. ನಾಲ್ಕು ಗಂಟೆಗೆ ನಾನು ಹೇಳಿದ್ರಾ ಎಂದು ಕೇಳಿದೆ. "ಇಲ್ರಿ. ಬಾಯಿ ಬರವಲ್ದು" ಎಂದರು. ರಾತ್ರಿಯ ಗಾಡಿಗೇ ಆಕೆ ಹೊರಡುವವರಿದ್ದರು.

ಆರು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಶಾಲು ಹೊದಿಸಿದ್ದಾಯಿತು. ಹಾಡಿಗೆ ಹಾರ್ಮೋನಿಯಂ ನುಡಿಸಲು ನಮ್ಮ ಸಂಘದ ಹಿರಿಯರೊಬ್ಬರು, ಉಳಿದದ್ದಕ್ಕೆ ಆರ್ಕೆಸ್ಟ್ರಾದವರು. ನಾವು ಮಾಡಿದ ತಪ್ಪು ಏನೆಂದರೆ, ಆರ್ಕೆಸ್ಟ್ರಾದವರಿಗೆ ಸಿನಿಮಾದ ಕ್ಯಾಸೆಟ್ಟು ಕೊಟ್ಟು ಕಲಿಸಿದ್ದೆವು. ಅಕ್ಕಾವರಿಗೆ ಗೊತ್ತಿದ್ದದ್ದು ಕಂಪನಿಯ ಹಾಡು. ಅವರು ಪ್ರಶ್ನೆ ಕೇಳಿ, ಕೇಳಿದ್ದು ಕೊನೆಯ ಸಾಲಿನವನಿಗೂ ತಲುಪಲಿ ಎಂದು ಕಾಯುತ್ತಾರೆ. ಸಿನಿಮಾಕ್ಕೆ ಅಷ್ಟು ಸಮಯವೆಲ್ಲಿದೆ. ಆಕೆಯ ಕೊನೆಯ ಪದ ಇನ್ನೂ ಬಾಯಲ್ಲಿರುವಾಗಲೇ ಎಲೆಕ್ಟ್ರಿಕ್ ಡೋಲು ಠಕ್ ಠಕ್ ಎಂದು ಹೊಡೆದುಬಿಟ್ಟಿತು. ಆಕೆ ತಡವರಿಸಿ ಎರಡನೆಯ ಪ್ರಶ್ನೆ ಎತ್ತಿಕೊಂಡರು. ಮತ್ತೆ ಅದೇ ಆಯಿತು. ಜನ ಕ್ಯಾಸೆಟ್ಟಿನ ಲೆಕ್ಕಕ್ಕೇ ಚಪ್ಪಾಳೆ ಹೊಡೆದು ಆಕೆಯನ್ನು ಬಿಟ್ಟು ಮುಂದೆ ಓಡಿದರು. ಆಕೆ ಹಾಡು ನಿಲ್ಲಿಸಿ ಡೋಲಿನವನ ಕಡೆ ನೋಡಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಂಗಿಯ ಮಗಳು ಕರೆದೊಯ್ಯಲು ಎದ್ದು ನಿಂತಳು. ಇಷ್ಟು ದೂರದಿಂದ ಒಬ್ಬ ಹಿರಿಯಳನ್ನು ಕರೆಸಿ ಎಲ್ಲರೆದುರು ಅವಮಾನ ಮಾಡಿದೆವಲ್ಲ ಎಂದು ನಾನು ತಲೆ ತಗ್ಗಿಸಿದೆ.

ಆಕೆ ಕಣ್ಣು ಮುಚ್ಚಿ, ಬಹುಶಃ ಕೊನೆಯ ಪ್ರಯತ್ನ ಎಂದುಕೊಂಡು, ಅದೇ ರೊಟ್ಟಿಯ ಪ್ರಶ್ನೆಯನ್ನು ಮತ್ತೆ ಹಾಡಿದರು. ಹೆದರಿದ್ದ ಡೋಲಿನವನು ಹೊಡೆಯಲೇ ಇಲ್ಲ. ಒಂದು ಉಸಿರು ಮೌನ. ಆಗ ಹಿಂದಿನ ಪರದೆಯ ಆಚೆಯಿಂದ, ಮರದ ಮೇಲೆ ಮರ, ಎರಡು ಪೆಟ್ಟು ಬಿದ್ದವು.

ಆಕೆ ಹಿಂದೆ ತಿರುಗಿ ನೋಡಲಿಲ್ಲ. ಆರ್ಕೆಸ್ಟ್ರಾದವರಿಗೆ ನಿಲ್ಲಿಸುವಂತೆ ಒಂದು ಕೈ ಎತ್ತಿದರು, ಅಷ್ಟೆ. ಆಮೇಲೆ ಬರೀ ಹಾರ್ಮೋನಿಯಮ್ಮಿನ ಮೇಲೆ, ಆ ಪೆಟ್ಟುಗಳ ಮೇಲೆ, ನಾಲ್ಕು ನುಡಿ ಹಾಡಿದರು. ಸಿನಿಮಾದವರು ಕತ್ತರಿಸಿ ಬಿಟ್ಟಿದ್ದ ಎರಡು ಪ್ರಶ್ನೆಗಳೂ ಅದರಲ್ಲಿದ್ದವು. ಒಂದೊಂದು ಪ್ರಶ್ನೆಗೂ ಒಬ್ಬೊಬ್ಬ ಗಂಡಸನ್ನು ಬೊಟ್ಟು ಮಾಡಿ ಕೇಳುತ್ತಿದ್ದರು. ನಮ್ಮ ಅಧ್ಯಕ್ಷರಿಗೆ ನೀರು ಸೇದಲು ಬರುತ್ತದೆಯೇ ಎಂದು ಕೇಳಿದಾಗ ಇಡೀ ಸಭೆ ಉರುಳಾಡಿ ನಕ್ಕಿತು. ಅಂಥ ಹಾಡನ್ನು ನಾನು ಮತ್ತೆ ಕೇಳಿಲ್ಲ. ನಾನು ಮೆಲ್ಲಗೆ ಹಿಂದಕ್ಕೆ ಹೋದೆ. ಕಾಕಾ ಬರಿಗಾಲಲ್ಲೇ ಕುಕ್ಕರಗಾಲು ಹಾಕಿ ಕೂತಿದ್ದರು. ಕಿವಿ ಪರದೆಗೆ ಆನಿಸಿತ್ತು, ಕಣ್ಣು ಮುಚ್ಚಿತ್ತು, ಕೈಯಲ್ಲಿ ಕೊಡತಿ. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ.

ಚಪ್ಪಾಳೆ ಇನ್ನೂ ನಡೆದಿರುವಾಗಲೇ ಅಕ್ಕಾವರು ಪರದೆ ಸರಿಸಿಕೊಂಡು ಒಳಗೆ ಬಂದು, ಹೊಡೆದವರು ಯಾರು ಎಂದು ಕೇಳಿದರು. ಕಾಕಾ ಎದ್ದು ನಿಂತರು. ಈ ಸಲ ಅವರ ಮುಂದೆ ಬಂದು ನಿಲ್ಲುವವರು ಯಾರೂ ಇರಲಿಲ್ಲ.

"ನಾನ್ರೀ ಅಕ್ಕಾರ" ಎಂದರು. "ಆ ದಿವ್ಸಾನೂ ನಾನ ಹೊಡದಿದ್ದು. ಮೇಸ್ತ್ರಿಯವರಲ್ಲ."

ಆಕೆಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಲ್ಲೇ ಇದ್ದ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಈ ಮುಖ ನೆನಪಿಲ್ಲ ಎಂದರು, ಪರದೆ ಹಿಂದಿನವರ ಮುಖ ನಾವು ನೋಡಿದ್ದೇ ಕಡಿಮೆ ಎಂದರು. ಮೇಸ್ತ್ರಿಯ ಮುಖ ಮಾತ್ರ ನೆನಪಿತ್ತು. ಅವರು ಬಿಟ್ಟುಹೋದ ಮೇಲೆ ಎರಡು ಸಲ ಹೇಳಿಕಳಿಸಿದ್ದರಂತೆ, ಅವರು ಬರಲಿಲ್ಲವಂತೆ. "ಮನಿಗೆ ಹೋಗು ಅಂದೆ ನಾ ಅವರಿಗೆ. ತಪ್ಪು ಮಾಡದವರಿಗೆ ಅಂದೆ ನೋಡ್ರಿ" ಎಂದು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಕಾಕಾನ ಮೇಲೆ ಸಿಟ್ಟು ಮಾಡುತ್ತಾರೇನೋ ಎಂದು ನಾನು ಹೆದರಿದ್ದೆ. ಮಾಡಲಿಲ್ಲ. ಎದ್ದು, ಅವರ ತೋಳು ಹಿಡಿದು, ಬಾ, ಈ ಪೆಟ್ಟು ಯಾರದು ಅಂತ ಜನರಿಗೆ ಹೇಳುತ್ತೇನೆ ಎಂದರು.

ಹೊರಗೆ ಇಡೀ ಕಾರ್ಖಾನೆಯ ಕನ್ನಡ ಕುಟುಂಬಗಳು ಕೂತಿದ್ದವು. ಮೂರು ವರ್ಷ ಅವರನ್ನು ಗೇಲಿ ಮಾಡಿದವರೆಲ್ಲ ಅಲ್ಲಿದ್ದರು. ಕಾಕಾ ಅವರ ಹೆಂಡತಿ, ಮಗಳೂ ಇದ್ದರು. ಒಂದು ಪರದೆ ದಾಟಿದರೆ ಸಾಕಿತ್ತು. ನಾನು ಹೋಗಿ ಎನ್ನುವಂತೆ ಅವರ ಬೆನ್ನಿಗೆ ಕೈ ಹಚ್ಚಿದ್ದೆ.

ಕಾಕಾ ಅಲುಗಲಿಲ್ಲ. "ಅಕ್ಕಾರ, ಬೈಸಿಕೊಂಡವರು ಅವ್ರು" ಎಂದರು. "ಚಪ್ಪಾಳಿನೂ ಅವರಿಗೇ ಹೋಗ್ಲಿ. ಅವರ ಹೆಸರ ಹೇಳ್ರಿ."

ಆಕೆ ಅವರ ತೋಳು ಬಿಟ್ಟರು. ಆಮೇಲೆ ಒಬ್ಬರೇ ಹೋಗಿ ಮೈಕಿನ ಮುಂದೆ ನಿಂತರು. ಈ ಹಾಡಿನ ಎರಡು ಪೆಟ್ಟು ತಮ್ಮ ಕಂಪನಿಯ ಮೇಸ್ತ್ರಿಯದು ಎಂದರು. ಅವರ ಹೆಸರು, ಅವರ ಊರು ಎರಡನ್ನೂ ಹೇಳಿದರು. ಅಂಥ ಕಲಾವಿದನ ಹೆಸರು ಯಾವ ಸಿನಿಮಾದಲ್ಲೂ ಬರಲಿಲ್ಲ, ತಾನೂ ಅವರನ್ನು ನೋಯಿಸಿದೆ ಎಂದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪರದೆಯ ಹಿಂದೆ ಕಾಕಾ ಕೊಡತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದರು. ಅವರು ಸದ್ದು ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ನನ್ನ ಕಡೆ ತಿರುಗಿ, ಯಾರ ಮುಂದೆಯೂ ಅನಬಾರದು ಎಂದು ಮಾತು ತೆಗೆದುಕೊಂಡರು. ಇವತ್ತು ಪರದೆಯ ಹಿಂದೆ ಹೊಡೆದವರು ಯಾರು ಎಂದು ಕೇಳಿದ ಕೆಲವರಿಗೆ, ವೇದಿಕೆ ಕಟ್ಟಿದವರಲ್ಲಿ ಯಾರೋ ಸಿನಿಮಾ ಕೇಳಿ ಹೊಡೆದಿರಬೇಕು ಎಂದು ನಾನೇ ಹೇಳಿ ಕಳಿಸಿದೆ.

ಸೋಮವಾರ ಕ್ಯಾಂಟೀನಿನಲ್ಲಿ ಅವರಿಗೆ ಆದದ್ದನ್ನು ಊಹಿಸಬಹುದು. ಹಾಡಿದವರ ಬಾಯಿಂದಲೇ ಬಂತಲ್ಲ, ಪೆಟ್ಟು ಮೇಸ್ತ್ರಿಯದಂತೆ, ಇನ್ನೇನು ಹೇಳುತ್ತೀರಿ ಎಂದು ಸುತ್ತುವರಿದರು. ಕಾಕಾ ತಟ್ಟೆಯಿಂದ ತಲೆ ಎತ್ತದೆ, "ಹೌದ್ರಿ, ಅವರದ" ಎಂದರು. ಮೂರು ವರ್ಷ ಸುಳ್ಳು ಹೇಳಿದ್ದಕ್ಕೆ ಎಲ್ಲರಿಗೂ ಮಿರ್ಚಿ ಬಜ್ಜಿ ತಿನ್ನಿಸಬೇಕೆಂದು ತೀರ್ಪಾಯಿತು. ಸಂತೋಷದಿಂದ ತಿನ್ನಿಸಿದರು. ನನಗೂ ಒಂದು ಕೊಟ್ಟರು. ಅಂದಿನಿಂದ ನಿವೃತ್ತಿಯ ತನಕ ಆ ಹಾಡು ಎಲ್ಲಿ ಕೇಳಿಬಂದರೂ ಅವರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಜೀವನದಲ್ಲಿ ಕಂಡ ದೊಡ್ಡ ಮನುಷ್ಯರಲ್ಲಿ ಅವರೊಬ್ಬರು ಎಂದು ಅವರೆದುರು ಹೇಳಿದ್ದರೆ ಎದ್ದು ಹೋಗುತ್ತಿದ್ದರು. ಆದ್ದರಿಂದ ಈಗ ಹೇಳುತ್ತಿದ್ದೇನೆ.

ಕಾಕಾ ಅವರ ಹದಿಮೂರನೆಯ ದಿನದ ಊಟ ಮಣಿಕೊಂಡದಲ್ಲಿದ್ದ ಅವರ ಮಗಳ ಫ್ಲ್ಯಾಟಿನಲ್ಲಿ. ಬಂದವರೆಲ್ಲ ಹೋದ ಮೇಲೆ ನಾನೊಬ್ಬ ಕೂತಿದ್ದೆ. ಮಗಳು ಚಹಾ ತಂದು ಕೊಟ್ಟು ಎದುರಿಗೆ ಕೂತಳು. ಅಪ್ಪನ ವಿಚಾರ ಆ ಮಾತು ಈ ಮಾತು ಬಂದು, ಅವರು ಬದುಕಿನಲ್ಲಿ ಹೇಳಿದ್ದು ಒಂದೇ ಸುಳ್ಳು, ಆ ಹಾಡಿನದು ಎಂದು ನಕ್ಕಳು. ಅವತ್ತು ಹಾಲಿನಲ್ಲಿ ಅವಳು ಗೆಳತಿಯರ ಜೊತೆ ಕೂತಿದ್ದಳಂತೆ. ಅವರಿಗೆಲ್ಲ ತನ್ನ ಅಪ್ಪನ ಪೆಟ್ಟು ಎಂದು ಮೊದಲೇ ಹೇಳಿಟ್ಟಿದ್ದಳಂತೆ. ಆ ನಟಿ ಬೇರೆ ಹೆಸರು ಹೇಳಿದಾಗ ಗೆಳತಿಯರು ಅವಳನ್ನು ನೋಡಿ ನಕ್ಕರಂತೆ.

ನಾನು ಲೋಟ ಕೆಳಗಿಟ್ಟೆ. ಮನೆಯಲ್ಲಾದರೂ ಹೇಳಿರುತ್ತಾರೆ ಎಂದು ಇಷ್ಟು ವರ್ಷ ನಂಬಿದ್ದೆ. ಇನ್ನು ತಡೆಯಲಾಗಲಿಲ್ಲ. ಅವಳ ಅಪ್ಪ ಸುಳ್ಳು ಹೇಳಿದ್ದು ಒಂದೇ ಸಲ, ಅದು ಕ್ಯಾಂಟೀನಿನಲ್ಲಿ ಆ ಪೆಟ್ಟು ತನ್ನದಲ್ಲ ಎಂದಾಗ ಎಂದೆ. ಪರದೆಯ ಹಿಂದೆ ಅವರು ಅಂದ ಮಾತನ್ನು ಅಂದಂತೆಯೇ ಹೇಳಿದೆ.

ಅವಳ ನಗು ನಿಂತಿತು. "ಒಂದ ವಾರ ಅಪ್ಪನ ಕೂಡ ಮಾತು ಬಿಟ್ಟಿದ್ದೆ ಅಂಕಲ್" ಎಂದಳು. "ದಿನಾ ಬಂದು ಬಾಗಲದಾಗ ನಿಂತು ಊಟ ಮಾಡಿದಿ ಏನವ್ವಾ ಅಂತ ಕೇಳಾವ್ರು. ಆವಾಗರೆ ಹೇಳಬಹುದಿತ್ತಲ್ಲ."

ಹೇಳುವವರಲ್ಲಮ್ಮ ಅವರು ಎಂದೆ. ಅವಳು ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು. ಗೋಡೆಗೆ ಆನಿ ಕೂತಿದ್ದ ತಾಯಿಯನ್ನು ಕೈಹಿಡಿದು ಎಬ್ಬಿಸಿಕೊಂಡು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿ, ತಾನು ಅವರ ಕಾಲ ಬಳಿ ಕೂತಳು.

"ಅವ್ವಗೂ ಗೊತ್ತಿಲ್ರಿ" ಎಂದಳು. "ಮೊದ್ಲಿಂದ ಹೇಳ್ರಿ."